ಒಂದೇ ಸಿನಿಮಾ, ಊರಿಗೊಂದು ರೇಟು: ಟಿಕೆಟ್, ಕೇಬಲ್, ಮೊಬೈಲ್ ಪ್ಲಾನ್‌ಗಳ ಬೆಲೆ ಹಿಂದಿನ ಲೆಕ್ಕ ಇಲ್ಲಿದೆ

ಗೌರಿಬಿದನೂರು: ವಿದುರಾಶ್ವತ್ಥದಲ್ಲಿ ಇರೋರಿಗೆ ಹೊಸ ಸಿನಿಮಾ ನೋಡ್ಬೇಕು ಅನ್ನಿಸಿದ್ರೆ ದಾರಿಗಳು ಹಲವು. ಹತ್ತಿರದ ಗೌರಿಬಿದನೂರಿಗೆ ಬರಬಹುದು. ತೆಲುಗು ಸಿನಿಮಾ ಆದ್ರೆ ಗಡಿ ದಾಟಿ ಹಿಂದೂಪುರಕ್ಕೆ ಹೋಗಬಹುದು. ರೈಲು ಹತ್ತಿ ಬೆಂಗಳೂರಿಗೆ ಹೋಗಿ ಮಾಲ್‌ನಲ್ಲಿ ನೋಡಬಹುದು. ಕೆಲವು ವಾರ ತಾಳಿದರೆ ಅದೇ ಸಿನಿಮಾ ಮೊಬೈಲ್‌ಗೆ ಬರುತ್ತೆ. ಇನ್ನೂ ತಾಳಿದರೆ ಯಾವುದೋ ಹಬ್ಬದ ದಿನ ಮನೆ ಟಿ.ವಿ.ಯಲ್ಲೇ ಬರುತ್ತೆ.

ಸಿನಿಮಾ ಒಂದೇ. ಹೀರೋ ಅವನೇ, ಹಾಡು ಅದೇ, ಫೈಟು ಅದೇ. ಆದರೆ ಈ ಐದೂ ಕಡೆ ಕೊಡೋ ದುಡ್ಡು ಬೇರೆ ಬೇರೆ. 'ಅಲ್ಲಿ ಅಷ್ಟು, ಇಲ್ಲಿ ಇಷ್ಟು, ಇದೇನು ನ್ಯಾಯ?' ಅನ್ನೋ ಮಾತು ಟೀ ಅಂಗಡಿಗಳಲ್ಲಿ ಕೇಳಿಬರೋದು ಸಹಜ.

ಇದು ಆಕಸ್ಮಿಕವಾಗಿ ಆಗೋದಲ್ಲ. ಒಂದೇ ವಸ್ತುವನ್ನು ಬೇರೆ ಬೇರೆ ಜನಕ್ಕೆ ಬೇರೆ ಬೇರೆ ಬೆಲೆಗೆ ಮಾರೋ ಈ ಪದ್ಧತಿಗೆ ಅರ್ಥಶಾಸ್ತ್ರದಲ್ಲಿ 'ಬೆಲೆ ತಾರತಮ್ಯ' ಅಂತ ಹೆಸರು. ಸಿನಿಮಾ, ಕೇಬಲ್, ಒಟಿಟಿ, ಹಾಡಿನ ಆ್ಯಪ್, ಎಲ್ಲವೂ ನಡೆಯೋದು ಇದರ ಮೇಲೇ. ಇದು ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿದ್ರೆ ಮನೆಯ ತಿಂಗಳ ಖರ್ಚಿನಲ್ಲಿ ಒಂದಿಷ್ಟು ಉಳಿಸಬಹುದು. ಗೊತ್ತಿಲ್ಲದಿದ್ರೆ ಜೇಬಿಗೆ ಕತ್ತರಿ ಬೀಳೋದೂ ಗೊತ್ತಾಗಲ್ಲ.

ಎಲ್ಲಾ ರೇಟು ವ್ಯತ್ಯಾಸವೂ ತಾರತಮ್ಯವಲ್ಲ

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಒಂದು ಲಾಟಿಗೆ ಒಂದು ರೇಟು, ಪಕ್ಕದ ಲಾಟಿಗೆ ಇನ್ನೊಂದು ರೇಟು ಬರುತ್ತೆ. ಅದು ಗೂಡಿನ ಗುಣಮಟ್ಟದ ವ್ಯತ್ಯಾಸ. ಚಿಂತಾಮಣಿಯಿಂದ ಟೊಮೆಟೊ ದೂರದ ರಾಜ್ಯಕ್ಕೆ ಹೋದಾಗ ಬೆಲೆ ಏರುತ್ತೆ. ಅದರಲ್ಲಿ ಲಾರಿ ಬಾಡಿಗೆ ಸೇರಿರುತ್ತೆ. ಇವೆರಡೂ ತಾರತಮ್ಯವಲ್ಲ. ಖರ್ಚು ಅಥವಾ ಗುಣ ಬೇರೆ ಆಗಿದ್ದಕ್ಕೆ ಬೆಲೆ ಬೇರೆ ಆಯ್ತು, ಅಷ್ಟೇ.

ತಾರತಮ್ಯ ಅಂದ್ರೆ ಮಾರುವವರ ಖರ್ಚಿನಲ್ಲಿ ಅಂಥ ವ್ಯತ್ಯಾಸ ಇಲ್ಲದಿದ್ದರೂ, ಕೊಳ್ಳುವವರ ಕೈಯಲ್ಲಿ ಎಷ್ಟು ಕೀಳಬಹುದು ಅನ್ನೋದನ್ನ ನೋಡಿ ಬೆಲೆ ಇಡೋದು. ಜಾತ್ರೆಯಲ್ಲಿ ಆಟದ ಸಾಮಾನು ಮಾರುವವರು ಗಿರಾಕಿಯ ಬಟ್ಟೆ, ಮಾತು, ಜತೆಗಿರೋ ಮಗುವಿನ ಹಠ ನೋಡಿ ರೇಟು ಹೇಳೋದು ಇದೇ. ದಿನಾ ಬರೋ ಗಿರಾಕಿಗೆ ಐದು ರೂಪಾಯಿ ಬಿಟ್ಟು, ದಾರಿಹೋಕರಿಗೆ ಪೂರ್ತಿ ರೇಟು ಹಾಕೋ ಅಂಗಡಿಯವರು ಮಾಡೋದೂ ಇದೇ.

ಮನರಂಜನೆಯ ವ್ಯಾಪಾರಕ್ಕೆ ಇದು ಬೇರೆ ಯಾವ ವ್ಯಾಪಾರಕ್ಕಿಂತ ಹೆಚ್ಚು ಹೊಂದುತ್ತೆ. ಒಂದು ಮೂಟೆ ಅಕ್ಕಿ ಮಾರಬೇಕಾದ್ರೆ ಇನ್ನೊಂದು ಮೂಟೆ ತರಿಸಬೇಕು. ಆದರೆ ಸಿನಿಮಾ ಒಮ್ಮೆ ತಯಾರಾದ್ರೆ ಮುಗೀತು. ಖರ್ಚೆಲ್ಲಾ ಮೊದಲೇ ಆಗಿಹೋಗಿರುತ್ತೆ. ಖಾಲಿ ಇರೋ ಸೀಟಿನಲ್ಲಿ ಇನ್ನೊಬ್ಬರು ಬಂದು ಕೂತರೆ ಥಿಯೇಟರ್‌ನವರಿಗೆ ಹೆಚ್ಚುವರಿ ಖರ್ಚು ಏನೂ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಅಲ್ಲಿ ಸಿಕ್ಕಿದ ಇಪ್ಪತ್ತು ರೂಪಾಯಿಯೂ ಲಾಭವೇ.

ಮೂರು ಜನ, ಮೂರು ಜೇಬು

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಸಿನಿಮಾಗೆ ಮೂರು ಜನ ಗಿರಾಕಿಗಳು ಅಂತಿಟ್ಕೊಳ್ಳಿ. ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿರೋ ಕಟ್ಟಾ ಅಭಿಮಾನಿ ₹300 ಕೊಡೋಕೆ ತಯಾರು. ತಾಲ್ಲೂಕು ಕೇಂದ್ರದ ಅಂಗಡಿ ಮಾಲೀಕರು ₹150 ತನಕ ಕೊಡ್ತಾರೆ. ಕಾಲೇಜು ಹುಡುಗನ ಹತ್ತಿರ ಇರೋದೇ ₹60.

ಎಲ್ಲರಿಗೂ ₹300 ಅಂದ್ರೆ ಒಬ್ಬರು ಮಾತ್ರ ಬರ್ತಾರೆ, ಗಲ್ಲಾಪೆಟ್ಟಿಗೆಗೆ ಬೀಳೋದು ₹300. ಎಲ್ಲರಿಗೂ ₹150 ಅಂದ್ರೆ ಇಬ್ಬರು ಬರ್ತಾರೆ, ಆಗಲೂ ₹300. ಎಲ್ಲರಿಗೂ ₹60 ಅಂದ್ರೆ ಮೂವರೂ ಬರ್ತಾರೆ, ಆದ್ರೆ ಸಿಗೋದು ₹180 ಮಾತ್ರ. ಅದೇ ಮೂವರಿಂದಲೂ ಅವರವರ ಶಕ್ತಿಗೆ ತಕ್ಕ ಹಾಗೆ ತೆಗೆದುಕೊಂಡರೆ ₹510.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಮಾರುವವರಿಗೆ ಲಾಭ ಜಾಸ್ತಿ. ಇನ್ನೊಂದು, ₹60 ಇರೋ ಹುಡುಗನಿಗೂ ಸಿನಿಮಾ ಸಿಕ್ತು. ಒಂದೇ ರೇಟು ಇದ್ದಿದ್ರೆ ಅವನು ಹೊರಗೇ ಉಳೀತಿದ್ದ.

ಆದರೆ ತೊಂದರೆ ಏನಂದ್ರೆ, 'ನಿಮ್ಮ ಕೈಯಲ್ಲಿ ಎಷ್ಟಾಗುತ್ತೆ?' ಅಂತ ಕೇಳಿದ್ರೆ ಯಾರೂ ನಿಜ ಹೇಳಲ್ಲ. ಎಲ್ಲರೂ ₹60 ಅಂತಲೇ ಹೇಳ್ತಾರೆ. ಆದ್ದರಿಂದ ಜಾಸ್ತಿ ಕೊಡಬಲ್ಲವರು ಕಡಿಮೆ ರೇಟಿನ ಕಡೆಗೆ ನುಸುಳದ ಹಾಗೆ ಮಧ್ಯೆ ಒಂದು ಬೇಲಿ ಬೇಕು. ಸಿನಿಮಾ, ಟಿ.ವಿ., ಒಟಿಟಿ ಕಂಪನಿಗಳ ಬುದ್ಧಿಯೆಲ್ಲಾ ಖರ್ಚಾಗೋದು ಈ ಬೇಲಿ ಹಾಕೋದರಲ್ಲಿ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಎ.ಸಿ. ಪಿಗು 1920ರಲ್ಲೇ ಇಂಥ ತಾರತಮ್ಯವನ್ನು ಮೂರು ಬಗೆಯಾಗಿ ವಿಂಗಡಿಸಿ ತೋರಿಸಿದ್ದರು. ನಮ್ಮ ಕಡೆ ಕಾಣೋ ಬೇಲಿಗಳನ್ನ ಒಂದೊಂದಾಗಿ ನೋಡೋಣ.

ಮೊದಲನೇ ಬೇಲಿ: ನೆಲ, ಬೆಂಚು, ಕುರ್ಚಿ

ಟೆಂಟ್ ಸಿನಿಮಾ ಕಂಡ ಹಿರಿಯರಿಗೆ ಇದನ್ನ ವಿವರಿಸಿ ಹೇಳಬೇಕಾಗಿಲ್ಲ. ಪರದೆ ಮುಂದೆ ನೆಲ, ಅದರ ಹಿಂದೆ ಬೆಂಚು, ಕೊನೆಗೆ ಕುರ್ಚಿ. ಮುಂದಿನ ಅಗ್ಗದ ಜಾಗಕ್ಕೆ 'ಗಾಂಧಿ ಕ್ಲಾಸ್' ಅಂತ ಹೆಸರು. ಪರದೆ ಒಂದೇ, ಕತೆ ಒಂದೇ. ಕುರ್ಚಿ ಹಾಕಿಸೋಕೆ ಸ್ವಲ್ಪ ಖರ್ಚಾಗುತ್ತೆ ನಿಜ, ಆದರೆ ಟಿಕೆಟ್ ರೇಟಿನ ವ್ಯತ್ಯಾಸ ಬರೀ ಕುರ್ಚಿಯ ಬೆಲೆ ಅಲ್ಲ. ಮಣ್ಣಲ್ಲಿ ಕೂರೋಕೆ ಹಿಂಜರಿಯೋರು ಯಾರೋ ಅವರು ತಾವಾಗೇ ಜಾಸ್ತಿ ಕೊಟ್ಟು ಹಿಂದೆ ಹೋಗ್ತಾರೆ. ಯಾರನ್ನೂ ಏನೂ ಕೇಳಬೇಕಾಗಿಲ್ಲ, ಜನರೇ ತಮ್ಮನ್ನ ತಾವು ವಿಂಗಡಿಸಿಕೊಳ್ತಾರೆ.

ಈ ಗುಟ್ಟನ್ನ ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪುಯಿ 1849ರಲ್ಲೇ ಬರೆದಿಟ್ಟಿದ್ದಾರೆ. ಆ ಕಾಲದ ರೈಲಿನಲ್ಲಿ ಮೂರನೇ ದರ್ಜೆ ಬೋಗಿಗೆ ಚಾವಣಿ ಇರ್ತಿರಲಿಲ್ಲ. ಚಾವಣಿ ಹಾಕಿಸೋ ಖರ್ಚು ಉಳಿಸೋಕೆ ಅಂತ ಅಲ್ಲ. ಎರಡನೇ ದರ್ಜೆಗೆ ದುಡ್ಡು ಕೊಡೋ ಶಕ್ತಿ ಇರೋರು ಮೂರನೇ ದರ್ಜೆಗೆ ಬಂದು ಕೂರಬಾರದು ಅಂತ ಬೇಕಂತಲೇ ಹಾಗೆ ಬಿಟ್ಟಿದ್ದರು ಅನ್ನೋದು ಅವರ ವಿವರಣೆ. ಬಡವರಿಗೆ ನೋವು ಕೊಡೋದು ಉದ್ದೇಶವಲ್ಲ, ಉಳ್ಳವರನ್ನ ಹೆದರಿಸೋದು ಉದ್ದೇಶ. ಆದರೆ ಮಳೆಯಲ್ಲಿ ನೆನೆದವರು ಬಡವರೇ.

ಈ 'ಚಾವಣಿ ಇಲ್ಲದ ಬೋಗಿ'ಯನ್ನ ನೆನಪಿಟ್ಕೊಳ್ಳಿ. ಮೊಬೈಲ್ ಪ್ಲಾನ್ ವಿಷಯ ಬಂದಾಗ ಮತ್ತೆ ಬರುತ್ತೆ.

ಎರಡನೇ ಬೇಲಿ: ಕಾಯೋರಿಗೆ ಕಡಿಮೆ

ಮೊದಲ ದಿನವೇ ನೋಡಬೇಕು ಅನ್ನೋರಿಗೆ ರೇಟು ಜಾಸ್ತಿ. ತಾಳ್ಮೆ ಇರೋರಿಗೆ ಕಡಿಮೆ. ಪಕ್ಕದ ಆಂಧ್ರದಲ್ಲೇ ಇದಕ್ಕೆ ಉದಾಹರಣೆ ಇದೆ. 'ಪುಷ್ಪ 2' ಸಿನಿಮಾಗೆ 2024ರ ಡಿಸೆಂಬರ್ 4ರ ರಾತ್ರಿಯ ಬೆನಿಫಿಟ್ ಷೋಗೆ ₹800 ಟಿಕೆಟ್ ಇಡಲು ಅಲ್ಲಿನ ಸರ್ಕಾರವೇ ಅನುಮತಿ ಕೊಟ್ಟಿತ್ತು. ಎರಡು ವಾರ ಕಳೆದ ಮೇಲೆ ನೋಡಿದವರಿಗೆ ಆ ರೇಟು ಇರಲಿಲ್ಲ. ಸಿನಿಮಾ ಹಳೇದಾಯ್ತು ಅಂತ ಅದರ ರೀಲು ಸವೆಯಲಿಲ್ಲ. ಸವೆದದ್ದು ಜನರ ಆತುರ ಮಾತ್ರ.

ಹಿಂದೆ ಈ ಬೇಲಿ ಊರಿನ ಲೆಕ್ಕದಲ್ಲೇ ಇತ್ತು. ಬೆಂಗಳೂರಿನಂಥ ಊರು 'ಎ ಸೆಂಟರ್', ಜಿಲ್ಲೆ-ತಾಲ್ಲೂಕು ಕೇಂದ್ರಗಳು 'ಬಿ ಸೆಂಟರ್', ಹೋಬಳಿ ಮಟ್ಟದ ಟೆಂಟುಗಳು 'ಸಿ ಸೆಂಟರ್'. ರೀಲಿನ ಪ್ರಿಂಟು ಹಾಕಿಸೋದು ದುಬಾರಿ ಆಗಿದ್ದರಿಂದ ದೊಡ್ಡ ಊರಲ್ಲಿ ಓಡಿ ಮುಗಿದ ಮೇಲೆ ಅದೇ ಡಬ್ಬಗಳು ಸಣ್ಣ ಊರಿಗೆ ಬರ್ತಿದ್ದವು. ಡಿಜಿಟಲ್ ಬಂದ ಮೇಲೆ ಒಂದೇ ದಿನ ಎಲ್ಲಾ ಕಡೆ ಬಿಡುಗಡೆ. ಊರಿನ ಬೇಲಿ ಬಿತ್ತು. ಆದರೆ ಕಾಯುವ ಬೇಲಿ ಬೀಳಲಿಲ್ಲ. ಈಗ ಅದು ಥಿಯೇಟರ್, ಆಮೇಲೆ ಒಟಿಟಿ, ಆಮೇಲೆ ಟಿ.ವಿ. ಅನ್ನೋ ಸಾಲಾಗಿದೆ.

ಸಿ.ಡಿ. ಕಾಲದಲ್ಲೂ ಇದೇ ನಡೆದಿತ್ತು. ಪೈರಸಿ ಸಿ.ಡಿ.ಗಳ ಕಾಟ ಜೋರಾಗಿದ್ದಾಗ ಮೋಸರ್ ಬೇರ್ ಕಂಪನಿ 2007ರ ಸುಮಾರಿಗೆ ಅಸಲಿ ವಿ.ಸಿ.ಡಿ.ಯನ್ನ ₹28ಕ್ಕೆ, ಡಿ.ವಿ.ಡಿ.ಯನ್ನ ₹34ಕ್ಕೆ ಮಾರೋಕೆ ಇಳಿಯಿತು. ಅದಕ್ಕೂ ಮುಂಚೆ ಅಸಲಿ ಡಿಸ್ಕು ಇದರ ಹಲವು ಪಟ್ಟು ಬೆಲೆಗೆ ಸಿಗ್ತಿತ್ತು. ಇಲ್ಲಿ ಅಗ್ಗಕ್ಕೆ ಸಿಗೋ ಡಿಸ್ಕನ್ನ ಅಮೆರಿಕಕ್ಕೆ ಸಾಗಿಸಿ ಮಾರಬಾರದು ಅಂತ ಹಾಲಿವುಡ್ ಕಂಪನಿಗಳು ಡಿ.ವಿ.ಡಿ.ಗೆ 'ರೀಜನ್ ಕೋಡ್' ಹಾಕಿದ್ದವು. ಅಮೆರಿಕಕ್ಕೆ 1, ಭಾರತಕ್ಕೆ 5. ಆ ದೇಶದ ಡಿಸ್ಕು ಈ ದೇಶದ ಪ್ಲೇಯರ್‌ನಲ್ಲಿ ಓಡಬಾರದು ಅನ್ನೋದೇ ಲೆಕ್ಕ. ಬೇಲಿ ಇಲ್ಲದಿದ್ರೆ ಅಗ್ಗದ ಮಾಲು ದುಬಾರಿ ಮಾರುಕಟ್ಟೆಗೆ ಹರಿದುಹೋಗುತ್ತೆ ಅನ್ನೋದು ಯಾವ ಹೋಲ್‌ಸೇಲ್ ವ್ಯಾಪಾರಿಗೂ ಗೊತ್ತಿರೋ ವಿಷಯ.

ಮೂರನೇ ಬೇಲಿ: ರಾಜ್ಯದ ಗಡಿ, ಸರ್ಕಾರದ ದರ

ವಿದುರಾಶ್ವತ್ಥದ ಕಡೆಯವರಿಗೆ ಈ ಬೇಲಿ ಕಣ್ಣೆದುರೇ ಇದೆ. ಗಡಿಯ ಈಚೆ ಒಂದು ಕಾನೂನು, ಆಚೆ ಇನ್ನೊಂದು.

ಆಂಧ್ರ ಸರ್ಕಾರ 2021ರ ಏಪ್ರಿಲ್‌ನಲ್ಲಿ ಟಿಕೆಟ್ ದರವನ್ನ ತಾನೇ ನಿಗದಿ ಮಾಡಿತು. ಗ್ರಾಮ ಪಂಚಾಯಿತಿ ಮಟ್ಟದ ಎ.ಸಿ. ಇಲ್ಲದ ಥಿಯೇಟರ್‌ಗೆ ₹5, ₹10, ₹15. ನಗರದ ಮಲ್ಟಿಪ್ಲೆಕ್ಸ್‌ಗೆ ₹75ರಿಂದ ₹250. ಅಂದ್ರೆ ಊರು ನೋಡಿ, ಸೀಟು ನೋಡಿ ಬೆಲೆ ಇಡೋ ಪದ್ಧತಿಯನ್ನ ಸರ್ಕಾರವೇ ಕಾಗದದ ಮೇಲೆ ಬರೆದ ಹಾಗಾಯ್ತು. ಆದರೆ ₹5ಕ್ಕೆ ಕರೆಂಟ್ ಬಿಲ್ಲೂ ಹುಟ್ಟಲ್ಲ ಅಂತ ಥಿಯೇಟರ್‌ನವರು ಕೋರ್ಟಿಗೆ ಹೋದರು. ಹಲವು ಕಡೆ ಬಾಗಿಲು ಹಾಕಿದರು. ಕೊನೆಗೆ 2022ರ ಮಾರ್ಚ್ 7ರಂದು ದರ ಪರಿಷ್ಕರಿಸಿ ಕನಿಷ್ಠ ₹20, ಗರಿಷ್ಠ ₹250 ಅಂತ ಮಾಡಲಾಯ್ತು. ಭಾರಿ ಬಜೆಟ್ ಸಿನಿಮಾಗಳಿಗೆ ಮೊದಲ ಕೆಲವು ದಿನ ದರ ಏರಿಸೋ ಅವಕಾಶವನ್ನೂ ಕೊಡಲಾಯ್ತು.

ಕರ್ನಾಟಕದಲ್ಲಿ ಕತೆ ಬೇರೆ. ಇಲ್ಲಿ 2017ರಲ್ಲಿ ₹200ರ ಮಿತಿ ತರೋ ಪ್ರಯತ್ನ ಆಯ್ತು, ಕಾನೂನಿನ ತಕರಾರಿನಲ್ಲಿ ನಿಲ್ಲಲಿಲ್ಲ. ಮತ್ತೆ 2025ರ ಮಾರ್ಚ್ ಬಜೆಟ್‌ನಲ್ಲಿ ಘೋಷಣೆ ಆಗಿ, ಸೆಪ್ಟೆಂಬರ್ 12ರಂದು ನಿಯಮ ಹೊರಬಂತು. ಎಲ್ಲಾ ಭಾಷೆಯ ಸಿನಿಮಾಗೂ, ಮಲ್ಟಿಪ್ಲೆಕ್ಸ್ ಸೇರಿ ಎಲ್ಲಾ ಥಿಯೇಟರ್‌ಗೂ ತೆರಿಗೆ ಬಿಟ್ಟು ₹200 ಗರಿಷ್ಠ. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಪರದೆಗಳಿಗೆ ಮಾತ್ರ ವಿನಾಯಿತಿ. ಮಲ್ಟಿಪ್ಲೆಕ್ಸ್‌ಗಳು ಮತ್ತು ನಿರ್ಮಾಪಕರು ಹೈಕೋರ್ಟ್ ಮೆಟ್ಟಿಲೇರಿದರು. ಸೆಪ್ಟೆಂಬರ್ 23ರಂದು ಮಧ್ಯಂತರ ತಡೆ ಸಿಕ್ಕಿತು. ಪ್ರಕರಣ ಸುಪ್ರೀಂ ಕೋರ್ಟ್‌ಗೂ ಹೋಯಿತು. ನವೆಂಬರ್‌ನಲ್ಲಿ ವಿಚಾರಣೆ ವೇಳೆ ನ್ಯಾಯಪೀಠ ಮಲ್ಟಿಪ್ಲೆಕ್ಸ್‌ಗಳಲ್ಲಿ ನೀರಿನ ಬಾಟಲಿಗೆ ₹100, ಕಾಫಿಗೆ ₹700 ತೆಗೆದುಕೊಳ್ಳೋದರ ಬಗ್ಗೆಯೂ ಪ್ರಶ್ನೆ ಎತ್ತಿತ್ತು.

ಆ ಕಾಫಿ-ಪಾಪ್‌ಕಾರ್ನ್ ಕೂಡ ಒಂದು ಬೇಲಿಯೇ. ಟಿಕೆಟ್ ಎಲ್ಲರಿಗೂ ಒಂದೇ ಇದ್ದರೂ, ಖರ್ಚು ಮಾಡೋ ಮನಸ್ಸಿರೋರು ಒಳಗೆ ಹೋಗಿ ಮತ್ತೆ ಜಾಸ್ತಿ ಕೊಡ್ತಾರೆ. ಬೇಡ ಅನ್ನೋರು ಸುಮ್ಮನೆ ಸಿನಿಮಾ ನೋಡಿ ಬರ್ತಾರೆ.

₹200ರ ಮಿತಿಯಿಂದ ತಾಲ್ಲೂಕಿನ ಪ್ರೇಕ್ಷಕರಿಗೆ ಏನು ಲಾಭ? ಸಣ್ಣ ಊರಿನ ಸಿಂಗಲ್ ಸ್ಕ್ರೀನ್‌ಗಳಲ್ಲಿ ಸಾಮಾನ್ಯ ದಿನ ಟಿಕೆಟ್ ಈ ಮಿತಿಗಿಂತ ಕೆಳಗೇ ಇರುತ್ತೆ. ಆದ್ದರಿಂದ ಮಿತಿಯ ಬಿಸಿ ತಟ್ಟೋದು ಬೆಂಗಳೂರಿನ ಮಾಲ್‌ಗಳಿಗೆ. ಅಲ್ಲಿಗೆ ಮನೆಮಂದಿಯನ್ನೆಲ್ಲಾ ಕರೆದುಕೊಂಡು ಹೋಗೋರಿಗೆ ಅನುಕೂಲ. ಆದರೆ ನಿರ್ಮಾಪಕರ ಕಡೆಯ ವಾದವೂ ಇದೆ: ಮಾಲ್‌ನಲ್ಲಿ ಜಾಸ್ತಿ ಕೊಡೋರಿಂದ ಬರೋ ದುಡ್ಡು ನಿಂತರೆ ಸಿನಿಮಾದ ಖರ್ಚು ಹುಟ್ಟೋದು ಎಲ್ಲಿಂದ? ಮೇಲಿನ ₹510ರ ಲೆಕ್ಕ ನೋಡಿದ್ರೆ ಎರಡೂ ಕಡೆಯ ಮಾತಿನಲ್ಲಿ ತಿರುಳಿದೆ ಅನ್ನೋದು ಗೊತ್ತಾಗುತ್ತೆ.

ತೆರಿಗೆಯದ್ದೂ ಒಂದು ಮೆಟ್ಟಿಲಿದೆ. 2025ರ ಸೆಪ್ಟೆಂಬರ್ 22ರಿಂದ ₹100ರವರೆಗಿನ ಟಿಕೆಟ್‌ಗೆ ಜಿ.ಎಸ್.ಟಿ. ಶೇ 5, ಅದಕ್ಕಿಂತ ಮೇಲೆ ಶೇ 18. ₹100ರ ಟಿಕೆಟ್ ತೆರಿಗೆ ಸೇರಿ ₹105. ಅದನ್ನ ₹110 ಮಾಡಿದ್ರೆ ಗಿರಾಕಿ ಕೊಡೋದು ₹129.80. ಹತ್ತು ರೂಪಾಯಿ ಏರಿಸಿದ್ರೆ ಜೇಬಿಂದ ಹೋಗೋದು ಹೆಚ್ಚುಕಡಿಮೆ ಇಪ್ಪತ್ತೈದು. ತಾಲ್ಲೂಕು ಮಟ್ಟದ ಥಿಯೇಟರ್‌ಗಳು ₹100ರ ಗೆರೆ ದಾಟೋಕೆ ಮುಂಚೆ ಎರಡು ಸಲ ಯೋಚಿಸಬೇಕಾದ್ದು ಇದಕ್ಕೇ.

ನಾಲ್ಕನೇ ಬೇಲಿ: ಮೊಬೈಲ್ ಪರದೆ, ಟಿ.ವಿ. ಪರದೆ

ಈಗ ಚಾವಣಿ ಇಲ್ಲದ ಬೋಗಿಗೆ ವಾಪಸ್ ಬರೋಣ. ನೆಟ್‌ಫ್ಲಿಕ್ಸ್ 2019ರ ಜುಲೈನಲ್ಲಿ ಭಾರತಕ್ಕೆ ಅಂತಲೇ ₹199ರ 'ಮೊಬೈಲ್ ಮಾತ್ರ' ಪ್ಲಾನ್ ತಂದಿತು. 2021ರ ಡಿಸೆಂಬರ್‌ನಲ್ಲಿ ಅದನ್ನ ₹149ಕ್ಕೆ ಇಳಿಸಿ, ಬೇಸಿಕ್ ₹199, ಸ್ಟ್ಯಾಂಡರ್ಡ್ ₹499, ಪ್ರೀಮಿಯಂ ₹649 ಮಾಡಿತು.

ನಾಲ್ಕೂ ಪ್ಲಾನ್‌ನಲ್ಲಿ ಸಿನಿಮಾಗಳ ಪಟ್ಟಿ ಒಂದೇ. ₹149ರಲ್ಲಿ ಚಿತ್ರದ ಸ್ಪಷ್ಟತೆ ಕಡಿಮೆ, ಟಿ.ವಿ.ಗೆ ಹಾಕೋಕೆ ಆಗಲ್ಲ, ಒಂದೇ ಸಾಧನ. ದೊಡ್ಡ ಟಿ.ವಿ. ಇರೋ ಮನೆಯವರು ಈ ಅಗ್ಗದ ಪ್ಲಾನ್‌ಗೆ ಇಳಿದುಬಿಡಬಾರದು, ಅದಕ್ಕೆ ಈ ಕಟ್ಟುಪಾಡು. ಹೆಚ್ಚು ಸ್ಪಷ್ಟ ಚಿತ್ರ ಕಳಿಸೋಕೆ ಕಂಪನಿಗೆ ಸ್ವಲ್ಪ ಜಾಸ್ತಿ ಖರ್ಚಾಗಬಹುದು, ಆದ್ರೆ ಅದು ಐನೂರು ರೂಪಾಯಿಯ ವ್ಯತ್ಯಾಸ ಅಲ್ಲ.

ಇದೇ ಕಂಪನಿ ಅಮೆರಿಕದಲ್ಲಿ 2025ರ ಜನವರಿಯಲ್ಲಿ ಸ್ಟ್ಯಾಂಡರ್ಡ್ ಪ್ಲಾನ್‌ನ ದರವನ್ನ ತಿಂಗಳಿಗೆ 17.99 ಡಾಲರ್ ಮಾಡಿತ್ತು. ಅಂದ್ರೆ ಒಂದೂವರೆ ಸಾವಿರ ರೂಪಾಯಿ ದಾಟುತ್ತೆ. ಅಲ್ಲಿ ನೆಲೆಸಿರೋ ನಮ್ಮ ಕಡೆಯ ಹುಡುಗರು ಊರಿಗೆ ಬಂದಾಗ 'ಇಲ್ಲಿ ಇಷ್ಟು ಅಗ್ಗಾನಾ?' ಅಂತ ಬೆರಗಾದ್ರೆ ಅದಕ್ಕೆ ಕಾರಣ ಇದು. ಭಾರತದವರ ಮೇಲಿನ ಪ್ರೀತಿಯಿಂದ ಅಗ್ಗ ಮಾಡಿದ್ದಲ್ಲ. ಆ ರೇಟು ಇಟ್ಟರೆ ಇಲ್ಲಿ ಕೊಳ್ಳೋರು ಬೆರಳೆಣಿಕೆ ಅಂತ ಅವರಿಗೆ ಗೊತ್ತು.

ಗುರುತಿನ ಬೇಲಿಯೂ ಇದೆ. ಯೂಟ್ಯೂಬ್ ಪ್ರೀಮಿಯಂ 2024ರ ಆಗಸ್ಟ್‌ನಲ್ಲಿ ದರ ಏರಿಸಿದಾಗ ಒಬ್ಬರಿಗೆ ₹149, ವಿದ್ಯಾರ್ಥಿಗೆ ₹89, ಕುಟುಂಬಕ್ಕೆ ₹299 ಅಂತ ಮಾಡಿತು. ಕುಟುಂಬದ ಪ್ಲಾನ್‌ಗೆ ಒಂದೇ ಮನೆಯ ಆರು ಜನ ಸೇರಬಹುದು. ತಲೆಗೆ ಐವತ್ತು ರೂಪಾಯಿ ಮಾತ್ರ. ಒಂದೇ ಮನೆಯಲ್ಲಿ ಅಣ್ಣ ತಮ್ಮ ಇಬ್ಬರೂ ಬೇರೆ ಬೇರೆ ₹149 ಕಟ್ತಿದ್ರೆ ಒಂದು ರೂಪಾಯಿ ಮಾತ್ರ ಉಳಿಸ್ತಿದ್ದಾರೆ, ಉಳಿದ ನಾಲ್ವರಿಗೆ ಸಿಗಬೇಕಾದ್ದು ಕಳೆದುಕೊಳ್ತಿದ್ದಾರೆ.

ಇನ್ನೊಂದು ಲೆಕ್ಕ. ಜಿಯೋಹಾಟ್‌ಸ್ಟಾರ್ 2025ರ ಫೆಬ್ರುವರಿಯಲ್ಲಿ ಶುರುವಾದಾಗ ಮೊಬೈಲ್ ಪ್ಲಾನ್ ಮೂರು ತಿಂಗಳಿಗೆ ₹149, ವರ್ಷಕ್ಕೆ ₹499 ಇತ್ತು. ಮೂರು ಮೂರು ತಿಂಗಳು ಕಟ್ಟಿದವರಿಗೆ ವರ್ಷಕ್ಕೆ ₹596. ಒಟ್ಟಿಗೆ ಕಟ್ಟಿದವರಿಗೆ ₹97 ಉಳಿತಾಯ. ಇಲ್ಲಿ ಒಂದು ಕಹಿ ಸತ್ಯ ಇದೆ. ಒಟ್ಟಿಗೆ ₹499 ಹೊಂದಿಸೋಕೆ ಆಗದ ಕೂಲಿ ಕೆಲಸದವರೇ ಜಾಸ್ತಿ ಕೊಡಬೇಕಾಗುತ್ತೆ. ಬೆಲೆ ತಾರತಮ್ಯ ಅಂದ್ರೆ ಯಾವಾಗಲೂ ಇದ್ದವರಿಂದ ಜಾಸ್ತಿ, ಇಲ್ಲದವರಿಂದ ಕಡಿಮೆ ಅಂತ ತಿಳಿಯಬಾರದು. ಅಂಗಡಿಯಲ್ಲಿ ದಿನಾ ಒಂದೊಂದು ಶಾಂಪೂ ಪ್ಯಾಕೆಟ್ ಕೊಳ್ಳೋರ ಕಷ್ಟವೂ ಕೆಲವೊಮ್ಮೆ ಇದೇ. ಆದರೆ ಕ್ರಿಕೆಟ್ ಸೀಸನ್‌ನಲ್ಲಿ ಮಾತ್ರ ನೋಡೋರಿಗೆ ಮೂರು ತಿಂಗಳ ಪ್ಲಾನೇ ಲಾಭ.

ಐದನೇ ಬೇಲಿ: ಕೇಬಲ್ ಪ್ಯಾಕೇಜು

ಕೇಬಲ್ ಮತ್ತು ಡಿಷ್ ಮನೆಗಳಲ್ಲಿ ಬೇಲಿಯ ಹೆಸರು ಪ್ಯಾಕೇಜು. ಒಂದು ಮನೆಯಲ್ಲಿ ಅಮ್ಮನಿಗೆ ಧಾರಾವಾಹಿ ಬೇಕು, ಪಕ್ಕದ ಮನೆಯಲ್ಲಿ ಅಪ್ಪನಿಗೆ ಕ್ರಿಕೆಟ್ ಬೇಕು. ಯಾರಿಗೆ ಯಾವುದು ಬೇಕು ಅಂತ ಚಾನೆಲ್‌ನವರಿಗೆ ಗೊತ್ತಿಲ್ಲ. ಎರಡನ್ನೂ ಸೇರಿಸಿ ಒಂದು ರೇಟು ಇಟ್ಟರೆ ಎರಡೂ ಮನೆ ಕೊಳ್ಳುತ್ತೆ. ಒಂದು ಚಾನೆಲ್‌ಗೆ ಒಬ್ಬರು ಕೊಡೋ ಬೆಲೆ ಇನ್ನೊಂದರ ಕೊರತೆ ತುಂಬುತ್ತೆ.

2019ರಲ್ಲಿ ಟ್ರಾಯ್‌ನ ಹೊಸ ದರ ಪದ್ಧತಿ ಜಾರಿಯಾದಾಗ 100 ಚಾನೆಲ್‌ಗೆ ₹130 ನೆಟ್‌ವರ್ಕ್ ಶುಲ್ಕ, ತೆರಿಗೆ ಸೇರಿ ₹153.40 ಅಂತ ಇದ್ದದ್ದು ಹಲವರಿಗೆ ನೆನಪಿರಬಹುದು. ಬೇಕಾದ ಚಾನೆಲ್‌ನ ಬಿಡಿಯಾಗಿ ಆರಿಸಿಕೊಳ್ಳೋ ಹಕ್ಕು ಆಗ ಬಂತು, ಈಗಲೂ ಇದೆ. 2022ರ ನವೆಂಬರ್‌ನ ತಿದ್ದುಪಡಿ ಪ್ರಕಾರ ಪ್ಯಾಕೇಜಿನೊಳಗೆ ಸೇರಿಸೋ ಚಾನೆಲ್‌ನ ಬಿಡಿ ಬೆಲೆ ₹19 ಮೀರುವಂತಿಲ್ಲ, ಬಿಡಿ ಬೆಲೆಗಳ ಮೊತ್ತಕ್ಕಿಂತ ಪ್ಯಾಕೇಜಿಗೆ ಕೊಡೋ ರಿಯಾಯಿತಿ ಶೇ 45 ದಾಟುವಂತಿಲ್ಲ.

ಇದರ ಮೇಲೆ ಲೆಕ್ಕ ಹಾಕಬಹುದು. ತಲಾ ₹19ರ ನಾಲ್ಕು ಚಾನೆಲ್ ಇದ್ದರೆ ಬಿಡಿಯಾಗಿ ₹76. ಪೂರ್ತಿ ರಿಯಾಯಿತಿ ಕೊಟ್ಟರೂ ಪ್ಯಾಕೇಜು ₹41.80ಕ್ಕಿಂತ ಕಡಿಮೆ ಆಗಲ್ಲ. ಮನೆಯಲ್ಲಿ ನಿಜವಾಗಿ ನೋಡೋದು ಎರಡೇ ಅಂದ್ರೆ ಬಿಡಿಯಾಗಿ ₹38 ಸಾಕು. ಮೂರು ನೋಡಿದ್ರೆ ₹57 ಆಗುತ್ತೆ, ಆಗ ಪ್ಯಾಕೇಜೇ ವಾಸಿ. ಪ್ಯಾಕೇಜು ಮೋಸ ಅಲ್ಲ, ಆದರೆ 'ಇನ್ನೂರು ಚಾನೆಲ್ ಕೊಡ್ತಾರೆ' ಅಂತ ಎಣಿಸೋದಕ್ಕಿಂತ 'ನಮ್ಮನೇಲಿ ನೋಡೋದು ಎಷ್ಟು' ಅಂತ ಎಣಿಸಬೇಕು.

2024ರ ಜುಲೈ 8ರ ಆದೇಶದಲ್ಲಿ ಟ್ರಾಯ್ ನೆಟ್‌ವರ್ಕ್ ಶುಲ್ಕದ ಮಿತಿಯನ್ನ ತೆಗೆದುಹಾಕಿದೆ. ಬೇರೆ ಬೇರೆ ಪ್ರದೇಶಕ್ಕೆ, ಬೇರೆ ಬೇರೆ ವರ್ಗದ ಗ್ರಾಹಕರಿಗೆ ಬೇರೆ ಬೇರೆ ಶುಲ್ಕ ಇಡೋಕೆ ಕಂಪನಿಗಳಿಗೆ ಅವಕಾಶ ಕೊಟ್ಟಿದೆ. ಆದ್ರೆ ಅದನ್ನ ಪ್ರಕಟಿಸಬೇಕು, ಗ್ರಾಹಕರಿಗೆ ತಿಳಿಸಬೇಕು ಅನ್ನೋ ಷರತ್ತೂ ಇದೆ. ಅಂದ್ರೆ ಪಕ್ಕದ ತಾಲ್ಲೂಕಿನಲ್ಲಿ ಶುಲ್ಕ ಬೇರೆ ಇದ್ದರೆ ಅದಷ್ಟರಿಂದಲೇ ಕಾನೂನು ಉಲ್ಲಂಘನೆ ಅಲ್ಲ. ದರಪಟ್ಟಿ ಬಚ್ಚಿಟ್ಟರೆ ಮಾತ್ರ ತಪ್ಪು. ಏನೂ ಬೇಡ ಅನ್ನೋರಿಗೆ ತಿಂಗಳ ಬಾಡಿಗೆ ಇಲ್ಲದ ಡಿ.ಡಿ. ಫ್ರೀ ಡಿಷ್ ಇದ್ದೇ ಇದೆ, ಚಂದನ ವಾಹಿನಿಯೂ ಅದರಲ್ಲಿ ಬರುತ್ತೆ.

ಅಂಗಡಿಯವರು ಗಮನಿಸಬೇಕಾದ್ದು

ಮಾರುಕಟ್ಟೆಯಲ್ಲಿ ಪ್ಯಾಕೆಟ್ ಮಾಲಿಗೆ ಈ ತಾರತಮ್ಯ ಅಷ್ಟು ಸುಲಭವಲ್ಲ. 2018ರ ಜನವರಿ 1ರಿಂದ ಒಂದೇ ರೀತಿಯ ಪ್ಯಾಕೆಟ್ ವಸ್ತುವಿಗೆ ಎರಡು ಎಂ.ಆರ್.ಪಿ. ಮುದ್ರಿಸುವಂತಿಲ್ಲ ಅನ್ನೋ ನಿಯಮ ಇದೆ. ಮಾಲ್‌ಗೆ ಒಂದು, ಕಿರಾಣಿ ಅಂಗಡಿಗೆ ಒಂದು ಅಂತ ಅದೇ ಬಾಟಲಿಗೆ ಬೇರೆ ಎಂ.ಆರ್.ಪಿ. ಹಾಕೋ ಹಾಗಿಲ್ಲ. ಆದರೆ ಸಿನಿಮಾ ಟಿಕೆಟ್, ಒಟಿಟಿ ಪ್ಲಾನ್‌ಗಳು ಪ್ಯಾಕೆಟ್ ಅಲ್ಲ, ಸೇವೆ. ಅವುಗಳ ಮೇಲೆ ಎಂ.ಆರ್.ಪಿ. ಇರಲ್ಲ.

ಇನ್ನೊಂದು ಎಚ್ಚರಿಕೆ. ಮನೆಯಲ್ಲಿ ಕೇಳೋ ಹಾಡಿಗೂ ಅಂಗಡಿಯಲ್ಲಿ ಹಾಕೋ ಹಾಡಿಗೂ ಬೆಲೆ ಒಂದೇ ಅಲ್ಲ. ಒಟಿಟಿ ಮತ್ತು ಹಾಡಿನ ಆ್ಯಪ್‌ಗಳ ಷರತ್ತಿನಲ್ಲಿ 'ಸ್ವಂತ ಬಳಕೆಗೆ ಮಾತ್ರ' ಅಂತ ಇರುತ್ತೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹೋಟೆಲ್, ಬಾರ್, ಅಂಗಡಿಯಲ್ಲಿ ಗಿರಾಕಿಗಳಿಗೆ ಕೇಳೋ ಹಾಗೆ ಹಾಡು ಹಾಕೋದು ಸಾರ್ವಜನಿಕ ಪ್ರದರ್ಶನ ಆಗುತ್ತೆ. ಅದಕ್ಕೆ ಹಕ್ಕುದಾರರ ಲೈಸೆನ್ಸ್ ಬೇಕು. ಮದುವೆ ಮೆರವಣಿಗೆ ಮತ್ತು ಧಾರ್ಮಿಕ ಸಮಾರಂಭಕ್ಕೆ ಅದೇ ಕಾಯ್ದೆಯಲ್ಲಿ ವಿನಾಯಿತಿ ಇದೆ. ಹಾಡು ಒಂದೇ. ಮನೆಯಲ್ಲಿ ಒಂದು ರೇಟು, ಹೋಟೆಲ್‌ನಲ್ಲಿ ಒಂದು, ಮದುವೆ ಮೆರವಣಿಗೆಯಲ್ಲಿ ಸೊನ್ನೆ. ಬಳಕೆಯ ಜಾಗವೇ ಇಲ್ಲಿ ಬೇಲಿ.

ಹಾಗಾದ್ರೆ ಇದು ಸರಿಯೋ ತಪ್ಪೋ?

ಬೇಲಿ ಕಣ್ಣಿಗೆ ಕಾಣಿಸಿ, ದಾಟೋದೋ ಬಿಡೋದೋ ಗಿರಾಕಿಯ ಕೈಯಲ್ಲಿದ್ದರೆ ಅದರಲ್ಲಿ ದೊಡ್ಡ ಅನ್ಯಾಯ ಇಲ್ಲ. ನೆಲದಲ್ಲಿ ಕೂತವರು ಕಡಿಮೆ ಕೊಟ್ಟರು, ಸಿನಿಮಾ ಪೂರ್ತಿ ನೋಡಿದರು. ತಾಳಿದವರು ಉಳಿಸಿದರು. ತಾಲ್ಲೂಕಿನ ಟಿಕೆಟ್ ಕಡಿಮೆ ಇರೋಕೆ ನಗರದ ದುಬಾರಿ ಟಿಕೆಟ್ಟೂ ಒಂದು ಕಾರಣ.

ಬೇಲಿಯನ್ನ ಬಚ್ಚಿಟ್ಟಾಗ ತೊಂದರೆ. ಆ್ಯಪ್‌ನಲ್ಲಿ ಟಿಕೆಟ್ ₹150 ಅಂತ ತೋರಿಸಿ, ದುಡ್ಡು ಕಟ್ಟೋ ಕೊನೆ ಹಂತದಲ್ಲಿ ಇನ್ನೊಂದಿಷ್ಟು ಶುಲ್ಕ ಸೇರಿಸೋದು. ಒಂದು ತಿಂಗಳು ಉಚಿತ ಅಂತ ಹೇಳಿ, ಆಮೇಲೆ ಸದ್ದಿಲ್ಲದೆ ಖಾತೆಯಿಂದ ಕಡಿತ ಮಾಡೋದು. ಸೇರೋಕೆ ಒಂದು ಬಟನ್, ಬಿಡೋಕೆ ಹತ್ತು ಬಟನ್. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಇಂಥ 13 ಬಗೆಯ ಆಟಗಳನ್ನ ಹೆಸರಿಸಿ ನಿಷೇಧಿಸಿದೆ.

ಜೇಬು ಉಳಿಸೋಕೆ ಇಷ್ಟು ಮಾಡಿ

• ಕೌಂಟರ್‌ನಲ್ಲಿ ಟಿಕೆಟ್ ಸಿಗೋ ಕಡೆ ಕೌಂಟರ್‌ನಲ್ಲೇ ತೆಗೆದುಕೊಳ್ಳಿ. ಆ್ಯಪ್‌ನ ಬುಕಿಂಗ್ ಶುಲ್ಕ ಉಳಿಯುತ್ತೆ.

• ಒಟಿಟಿ ಪ್ಲಾನ್ ಕೊಳ್ಳೋ ಮುಂಚೆ ಮೊಬೈಲ್ ರೀಚಾರ್ಜ್ ಜತೆ ಅದೇ ಉಚಿತವಾಗಿ ಬರುತ್ತಾ ನೋಡಿ. ಹಲವು ಮನೆಗಳಲ್ಲಿ ಒಂದಕ್ಕೇ ಎರಡು ಸಲ ದುಡ್ಡು ಹೋಗ್ತಿರುತ್ತೆ.

• ಮನೆಯಲ್ಲಿ ಇಬ್ಬರು ಮೂವರು ಬಳಸೋದಿದ್ರೆ ಕುಟುಂಬದ ಪ್ಲಾನ್ ಲೆಕ್ಕ ಹಾಕಿ. ಕಾಲೇಜಿಗೆ ಹೋಗೋ ಮಕ್ಕಳಿದ್ರೆ ವಿದ್ಯಾರ್ಥಿ ದರ ಕೇಳಿ.

• ಫೋನ್‌ಪೇ, ಗೂಗಲ್ ಪೇಯಂಥ ಆ್ಯಪ್‌ನಲ್ಲಿ 'ಆಟೋಪೇ' ಅಂತ ಇರೋ ಜಾಗ ತೆಗೆದು ನೋಡಿ. ಬೇಡದ್ದನ್ನ ಅಲ್ಲೇ ರದ್ದು ಮಾಡಬಹುದು. ರಿಸರ್ವ್ ಬ್ಯಾಂಕ್ ನಿಯಮದಂತೆ ಆಟೋಪೇ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಸಂದೇಶ ಬರಬೇಕು. ಅದನ್ನ ಓದದೆ ಅಳಿಸಬೇಡಿ.

• ಕೇಬಲ್‌ನವರ ಹತ್ತಿರ ದರಪಟ್ಟಿ ಕೇಳಿ. ಮನೆಯವರೆಲ್ಲಾ ನೋಡೋ ಚಾನೆಲ್‌ಗಳನ್ನ ಒಂದು ಚೀಟಿಯಲ್ಲಿ ಬರೆದು, ಬಿಡಿ ಬೆಲೆ ಕೂಡಿಸಿ, ಪ್ಯಾಕೇಜಿನ ಜತೆ ಹೋಲಿಸಿ.

• ಹೇಳದೆ ದುಡ್ಡು ಕಡಿತವಾದ್ರೆ, ಕೇಳಿದ್ರೂ ವಾಪಸ್ ಕೊಡದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಒಂದೇ ಸಿನಿಮಾಗೆ ಹತ್ತು ರೇಟು ಇರೋದನ್ನ ಯಾರೂ ತಪ್ಪಿಸೋಕೆ ಆಗಲ್ಲ. ಹತ್ತರಲ್ಲಿ ಯಾವ ರೇಟು ಕೊಡಬೇಕು ಅನ್ನೋದನ್ನ ಕಂಪನಿ ತೀರ್ಮಾನ ಮಾಡೋ ಮುಂಚೆ ಗಿರಾಕಿಯೇ ತೀರ್ಮಾನ ಮಾಡಿದ್ರೆ ಸಾಕು. ಮುಂದಿನ ಸಲ ವಿದುರಾಶ್ವತ್ಥದ ಸ್ಟಾಪಿನಲ್ಲಿ ನಿಂತು ಗೌರಿಬಿದನೂರಿನ ಬಸ್ಸೋ ಹಿಂದೂಪುರದ ಬಸ್ಸೋ ಅಂತ ಯೋಚಿಸುವಾಗ, ಟಿಕೆಟ್ ಜತೆಗೆ ಬಸ್ ಚಾರ್ಜನ್ನೂ ಕೂಡಿಸಿ ನೋಡಿ.